ವಕೀಲರ ಕೋಟನ್ನು ಕೂಸು ಮಾಡಿದ ಬೈರಮ್ಮ

“ನನ್ ಮಡ್ಲಲ್ಲೇ ಚುಚ್ಚಿದ್ದು ಕಣವ್ವ. ಯಾರ್ ಕೇಳುದ್ರೂವೆ ಕಂಡಿದ್ನ ಕಂಡಂಗೇ ಹೇಳ್ತೀನಿ.” ಏಳು ವರ್ಷದ ಹಿಂದೆ ಹಾರೋಹಳ್ಳಿಯ ಕಾರ್ಮಿಕರ ಸಾಲುಮನೆಯೊಂದರ ಹೊಸ್ತಿಲಲ್ಲಿ ಬೈರಮ್ಮ ಸೌಮ್ಯಳಿಗೆ ಕೊಟ್ಟ ಮಾತಿದು.

ಇವತ್ತು ಲಸಿಕೆಯ ದಿನ. ಮೊದಲ ಪಾಳಿಯ ಸೈರನ್ ಕೂಗುವ ಮುಂಚೆಯೇ ಬೈರಮ್ಮ ಅದೇ ಸಾಲಿನ ಬಾಗಿಲುಗಳನ್ನು ತಟ್ಟುತ್ತಿದ್ದಾರೆ. “ಏಳ್ರವ್ವಾ, ಕೂಸಿಗೆ ಹಾಲು ಕುಡ್ಸಿ ಕರ್ಕಂಬನ್ನಿ. ಆಮೇಕೆ ಪ್ಯಾಕ್ಟ್ರಿಗೆ ಓಡೀರಂತೆ!” ಸೂಜಿ ಕಂಡರೆ ಇಲ್ಲಿನ ತಾಯಂದಿರು ಮುಖ ತಿರುಗಿಸಿಬಿಡುತ್ತಾರೆ. ಮಗುವನ್ನು ಮಡಿಲಲ್ಲಿ ಅದುಮಿ ಹಿಡಿಯುವವಳು ಆಯಾ. ಸೂಜಿ ಎಲ್ಲಿಗೆ ಇಳಿಯಿತೆಂದು ನೋಡುವವಳೂ ಆಕೆಯೇ.

ಏಳು ವರ್ಷದ ಹಿಂದೆ ಬೈರಮ್ಮ ಖಾಸಗಿ ನರ್ಸಿಂಗ್ ಹೋಮೊಂದರ ಆಯಾ. ಸಾಲುಮನೆಯ ಸೌಮ್ಯಳ ಕೂಸು ದಿವ್ಯಳಿಗೆ ತೊಡೆಗೆ ಹಾಕಬೇಕಿದ್ದ ಲಸಿಕೆಯನ್ನು ಅಲ್ಲಿನ ನರ್ಸು ಅವಸರದಲ್ಲಿ ಕುಂಡೆಗೆ ಹಾಕಿದ್ದರು. ನರಕ್ಕೆ ಪೆಟ್ಟಾಗಿ ಪಾದ ಜೋತುಬಿತ್ತು. ಸೌಮ್ಯ ಪರಿಹಾರಕ್ಕೆ ದಾವೆ ಹೂಡಿದಾಗ, “ಹಾಕಿದ್ದು ತೊಡೆಗೇ” ಎಂದಿತು ನರ್ಸಿಂಗ್ ಹೋಮ್. ಮುಖ ತಿರುಗಿಸಿ ನಿಂತಿದ್ದ ತಾಯಿ ಏನು ಹೇಳಿಯಾಳು? ನೋಡಿದ್ದ ಬೈರಮ್ಮ ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆಂದು ಮ್ಯಾನೇಜರು ಮೊದಲೇ ಎಚ್ಚರಿಸಿದ್ದರು. ಗಂಡನಿಲ್ಲದ ಬೈರಮ್ಮನ ಮನೆ ನಡೆಯುತ್ತಿದ್ದದ್ದೇ ಆ ಸಂಬಳದಲ್ಲಿ.

ಕನಕಪುರದ ಕೋರ್ಟಿನಲ್ಲಿ ಎದುರು ವಕೀಲರು ಕೆಣಕಿದರು: “ದಿನಾ ಎಷ್ಟೋ ಮಕ್ಕಳನ್ನ ಹಿಡೀತೀಯ. ಈ ಮಗುನ ಹೆಂಗೆ ಹಿಡಿದಿದ್ದೆ ಅಂತ ನೆನಪಿದೆಯೇನಮ್ಮಾ?”

“ನಿಮ್ ಕೋಟು ಕೊಡಿ ಸ್ವಾಮಿ, ತೋರುಸ್ತೀನಿ.”

ಕೋರ್ಟಿಗೆ ಕೋರ್ಟೇ ನಕ್ಕಿತು. ನ್ಯಾಯಾಧೀಶರು ಮಾತ್ರ ನಗದೆ, “ಕೊಡ್ರಿ” ಎಂದರು. ಬೈರಮ್ಮ ನೆಲದ ಮೇಲೆ ಕಾಲು ಚಾಚಿ ಕೂತು, ಕರಿಕೋಟನ್ನು ಸುರುಳಿ ಸುತ್ತಿ ಮಡಿಲಲ್ಲಿ ಬೋರಲು ಹಾಕಿಕೊಂಡರು. “ತೊಡೆಗಾದ್ರೆ ಅಂಗಾತ ಮಲಗುಸ್ಕತೀವಿ. ಇದೊಂದ್ ಕೂಸ್ನ ಬೋರಲಾಕು ಅಂದ್ರು, ಅದ್ಕೇ ನೆಪ್ಪೈತೆ. ಇಗಳಿ, ಇಲ್ಲೇ ಚುಚ್ಚುದ್ರು.”

ಮರುದಿನವೇ ಕೆಲಸ ಹೋಯಿತು. ತೀರ್ಪು ಸೌಮ್ಯಳ ಕಡೆಗಾಯಿತು. ಪರಿಹಾರದ ದುಡ್ಡಿನಲ್ಲಿ ಆಪರೇಷನ್ ಆಗಿ, ಪಟ್ಟಿ ಕಟ್ಟಿದ ಬೂಟು ತೊಟ್ಟು ದಿವ್ಯ ಶಾಲೆಗೆ ನಡೆದೇ ಹೋಗುತ್ತಾಳೆ. ಬೈರಮ್ಮ ಈಗ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಾರೆ. ಲಸಿಕೆಯ ದಿನ ಮಾತ್ರ ರಜೆ ಹಾಕಿ ಮಕ್ಕಳನ್ನು ಹಿಡಿಯಲು ಬಂದುಬಿಡುತ್ತಾರೆ. “ನಾನಿಲ್ದಿದ್ರೆ ಇವ್ರು ಕೂಸ್ಗಳ್ನ ಕರ್ಕಂಡೇ ಬರಾಕಿಲ್ಲ. ಒಂದಪ ಹಿಂಗಾಯ್ತು ಅಂತ ಲಸಿಕೆನೇ ಬುಟ್ಬುಡಕಾಯ್ತದಾ?”

ಇವತ್ತು ಸೌಮ್ಯ ಎರಡನೇ ಮಗುವನ್ನು ತಂದಿದ್ದಾಳೆ. ಬೈರಮ್ಮ ಅದನ್ನು ಅಂಗಾತ ಮಲಗಿಸಿ ತೊಡೆ ಹಿಡಿದರು. ಸೌಮ್ಯ ಅತ್ತ ತಿರುಗಿದಳು.

“ತಿರುಗ್‌ಬ್ಯಾಡ ಕಣವ್ವ. ನೀನೂ ನೋಡು.”

ಸೂಜಿ ತೊಡೆಗೇ ಇಳಿದದ್ದನ್ನು ಸೌಮ್ಯ ನೋಡಿದಳು. ಮಗು ತುಸು ಅತ್ತು ಸುಮ್ಮನಾಯಿತು.

ಹೊಸ್ತಿಲಲ್ಲಿ ಕೊಟ್ಟ ಮಾತನ್ನು ಬೈರಮ್ಮ ಅಂದು ಕೋರ್ಟಿನಲ್ಲೇ ಉಳಿಸಿಕೊಂಡಿದ್ದರು.