ನನ್ನ ಕಿವಿ ಮತ್ತು ಸಾಲ್ಜ್‌ಬರ್ಗ್ ಕೋಟೆ

ಹೋದ ಶನಿವಾರ ನನ್ನ ಹೆಂಡತಿಯ ಹಳೆಯ ಫೋನಿನಿಂದ ಹೊಸದಕ್ಕೆ ಫೋಟೋಗಳನ್ನು ಸಾಗಿಸುತ್ತ ಕೂತಿದ್ದೆ. ಐದು ನಿಮಿಷದ ಕೆಲಸ ಎಂದು ಮಗಳು ಹೇಳಿದ್ದಳು. ಮಗಳ ಐದು ನಿಮಿಷವೆಂದರೆ ನನಗೆ ಒಂದು ಇಡೀ ಮಧ್ಯಾಹ್ನ ಎಂಬುದು ಲಂಡನ್ನಿನ ಹ್ಯಾರೋದ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ದೇವಸ್ಥಾನದಲ್ಲಿ ಊಟಕ್ಕೆ ಕೂತ ಸಾಲು, ಯಾರದೋ ಮಗುವಿನ ಹೆಸರಿಡುವ ಶಾಸ್ತ್ರ, ಅಂಗಡಿಯಲ್ಲಿ ಅಪರೂಪಕ್ಕೆ ಸಿಕ್ಕ ಎಳೆ ಬದನೆಕಾಯಿ, ಹೀಗೆ ಒಂದೊಂದೇ ದಾಟಿಕೊಂಡು ಹೋಗುತ್ತಿರುವಾಗ ಪರದೆಯ ತುಂಬ ಒಂದು ಕಿವಿ ಬಂದು ನಿಂತಿತು. ಗಂಡಸಿನ ಕಿವಿ. ಒಳಗಿನಿಂದ ನಾಲ್ಕಾರು ಬಿಳಿ ಕೂದಲು ಹೊರಗಿನ ಲೋಕವನ್ನು ಇಣುಕಿ ನೋಡುತ್ತಿದ್ದವು.

"ಶಶೀ, ಇದು ಯಾರ ಕಿವಿ?" ಎಂದೆ.

ಶಶಿಕಲಾ ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಕತ್ತು ಸ್ವಲ್ಪ ಓರೆ ಮಾಡಿ ನೋಡಿದಳು. ಈಗೊಂದು ವರ್ಷದಿಂದ ಅವಳು ಎಲ್ಲವನ್ನೂ ಹಾಗೆಯೇ ನೋಡುತ್ತಾಳೆ. ಕಣ್ಣಿನ ನಡುಭಾಗದ ದೃಷ್ಟಿ ಸವೆಯುತ್ತಿದೆ, ಸುತ್ತಲಿನದು ಉಳಿಯುತ್ತದೆ ಎಂದು ಆಸ್ಪತ್ರೆಯವರು ಹೇಳಿದ್ದಾರೆ. ದೊಡ್ಡ ಅಕ್ಷರದ ಹೊಸ ಫೋನು ಬಂದದ್ದೂ ಅದಕ್ಕೇ.

"ನಿಮ್ಮದ ರೀ," ಎಂದು ಫೋನು ಮರಳಿಸಿದಳು. "ಅದು ಸಾಲ್ಜ್‌ಬರ್ಗ್."

ಆಸ್ಟ್ರಿಯಾ ದೇಶದ ಒಂದು ಸುಂದರ ಪಟ್ಟಣಕ್ಕೂ ನನ್ನ ಕಿವಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಉತ್ತರ ಸಿಕ್ಕಿದ ಮೇಲೆ ಕೇಳಬಾರದಿತ್ತು ಅನ್ನಿಸಿತು. ಆದರೆ ಅದಕ್ಕೆ ಮೊದಲು ಧಾರವಾಡದ ಒಂದು ಅಡಿಗೆಮನೆಗೆ ಹೋಗಿ ಬರಬೇಕು.

ಅದು ಶಶಿಯ ತವರಿನ ಅಡಿಗೆಮನೆ. ಅಲ್ಲಿ ಗೋಡೆಯ ಸುಣ್ಣ ಉದುರಿದ ಜಾಗವನ್ನು ಮುಚ್ಚಲು ಯಾವುದೋ ಔಷಧಿ ಕಂಪನಿಯ ಕ್ಯಾಲೆಂಡರ್ ತೂಗುಹಾಕಿದ್ದರು. ವರ್ಷ ಮುಗಿದರೂ ನಮ್ಮ ಅತ್ತೆಯವರು ಅದನ್ನು ತೆಗೆಯಲಿಲ್ಲ. ತೆಗೆದರೆ ಗೋಡೆಯ ಮಾನ ಹೋಗುತ್ತಿತ್ತು. ಅದರಲ್ಲಿ ಸಾಲ್ಜ್‌ಬರ್ಗಿನ ಚಿತ್ರ: ಒಂದು ಹೊಳೆ, ಹೊಳೆಯಾಚೆ ಗೋಪುರಗಳ ಊರು, ಊರಿನ ನೆತ್ತಿಯ ಮೇಲೆ ಬಿಳಿಯ ಕೋಟೆ. ಶಶಿ ಅದಕ್ಕೆ ಮುಖ ಮಾಡಿ ಕೂತು ರೊಟ್ಟಿ ಬಡಿಯುವುದನ್ನು ಕಲಿತವಳು. ಮದುವೆಯಾದ ಹೊಸದರಲ್ಲಿ ನನಗೆ ಹೇಳಿದ್ದಳು: "ಚಿತ್ರದಾಗ ಎಲ್ಲಾ ಕೋಟಿ ಮುಂದಿಂದ ಐತಿ. ಹಿಂದ ಏನೈತಿ ಅಂತ ಯಾರೂ ತೋರಿಸಿಲ್ಲ. ನಾ ಒಮ್ಮೆ ಹೋಗಿ ನೋಡಾಕಿ." ಹೊಸ ಹೆಂಡತಿಗೆ ಗಂಡಂದಿರು ಕೊಡುವ ಮಾತುಗಳ ಲೆಕ್ಕದಲ್ಲಿ ನಾನೂ ಒಂದು ಮಾತು ಕೊಟ್ಟೆ.

ಲಂಡನ್ನಿಗೆ ಬಂದು ನೆಲೆ ನಿಂತ ಮೇಲೆ ಆಸ್ಟ್ರಿಯಾ ಕೈಯಳತೆಗೆ ಬಂತು. ನಾನು ಬ್ರಿಟಿಷ್ ಪಾಸ್‌ಪೋರ್ಟ್ ಮಾಡಿಸಿಕೊಂಡೆ. ಭಾರತದ ಪಾಸ್‌ಪೋರ್ಟ್ ಬಿಡಲು ಶಶಿ ಒಪ್ಪಲಿಲ್ಲ. "ಅವ್ವನ ಮನಿಗೆ ಹೋಗಾಕ ನಾ ಇನ್ನೊಬ್ಬರ ಅಪ್ಪಣಿ ಕೇಳ್ಲೇನು?" ಎಂದಳು. ಹೀಗಾಗಿ ನಾನೂ ಮಗಳೂ ಚೀಲ ಹೆಗಲಿಗೇರಿಸಿ ಹೊರಡಬಹುದಾದ ಊರಿಗೆ ಅವಳು ಮಾತ್ರ ವೀಸಾ ಕೇಳಬೇಕಿತ್ತು.

ಮಗಳು ಅನಘಾ ಹೈಸ್ಕೂಲಿನಲ್ಲಿದ್ದಾಗ ಹಾಫ್ ಟರ್ಮ್ ರಜೆಗೆ ಕೊನೆಗೂ ಟಿಕೆಟ್ ತೆಗೆಸಿದೆವು. ಹ್ಯಾರೋದ ಲೈಬ್ರರಿಯಿಂದ ತಂದ ಪ್ರವಾಸದ ಪುಸ್ತಕವನ್ನು ಶಶಿ ಪರೀಕ್ಷೆಗೆ ಕೂತವರ ಹಾಗೆ ಓದಿದಳು. ಆದರೆ ವೀಸಾಕ್ಕೆ ಕೊಟ್ಟ ಪಾಸ್‌ಪೋರ್ಟ್ ಹೊರಡುವ ದಿನದ ತನಕ ಮರಳಿ ಬರಲಿಲ್ಲ. ಎಲ್ಲರೂ ಬಿಟ್ಟುಬಿಡೋಣ ಎಂದೆ. ಅವಳು ಕೇಳಲಿಲ್ಲ. "ಹುಡುಗಿ ಆಸೆ ಮಾಡೇತಿ, ನೀವು ಹೋಗಿ ಬರ್ರಿ. ನನಗ ಫೋನಿನಾಗ ತೋರಸ್ರಿ, ಸಾಕು" ಎಂದು ಚಪಾತಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿದಳು. ಹೊರಡುವಾಗ ಬಾಗಿಲಲ್ಲಿ ನಿಂತು ನಗುತ್ತಲೇ ಕೈಬೀಸಿದಳು. ಆ ನಗೆಯನ್ನು ನಾನು ಪೂರ್ತಿ ನಂಬಿದೆ. ನಂಬುವುದು ನನಗೆ ಅನುಕೂಲವೂ ಆಗಿತ್ತು.

ಮುಂದಿನದು ಬಲು ಮೋಜಿನ ಪ್ರವಾಸ. ನಾವಿಬ್ಬರೂ ಸಾಲ್ಜ್‌ಬರ್ಗಿನಲ್ಲಿ, ನಮ್ಮ ಗೈಡ್ ಹ್ಯಾರೋದ ಅಡಿಗೆಮನೆಯಲ್ಲಿ. ಫೋನನ್ನು ಮಸಾಲೆ ಡಬ್ಬಿಗೆ ಆನಿಸಿ ನಿಲ್ಲಿಸಿಕೊಂಡು ಅವಳು ನಮ್ಮನ್ನು ಓಣಿ ಓಣಿ ತಿರುಗಿಸಿದಳು. "ಈಗ ಎಡಕ್ಕ ಹೊಳ್ರಿ, ಅಂಗಡಿ ಮ್ಯಾಲೆ ಕಬ್ಬಿಣದ ಬೋರ್ಡು ತೂಗ್ಯಾಡ್ತಿರಬೇಕು ನೋಡ್ರಿ." ನಿಜ, ತೂಗಾಡುತ್ತಿದ್ದವು, ಬೀಗ ಮಾಡುವವನ ಅಂಗಡಿಗೆ ಬೀಗದ ಕೈ, ಚಮ್ಮಾರನದಕ್ಕೆ ಬೂಟು. ಚರ್ಚಿನ ಪಕ್ಕದ ಚೌಕದಲ್ಲಿ ಆಳೆತ್ತರದ ಚದುರಂಗದ ಕಾಯಿಗಳನ್ನು ಇಬ್ಬರು ಮುದುಕರು ಎತ್ತಿ ಎತ್ತಿ ಇಡುತ್ತಿದ್ದರು. "ಆ ಕೆಂಪು ಟೊಪಿಗಿ ಅಜ್ಜ ಸೋಲ್ತಾನ" ಎಂದು ಅವಳು ಅಲ್ಲಿಂದಲೇ ತೀರ್ಪು ಕೊಟ್ಟಳು. ಆ ಊರಿನ ಹೆಸರಾಂತ ಸಂಗೀತಗಾರನ ಮುಖ ಅಚ್ಚೊತ್ತಿದ ಹಾಳೆ ಸುತ್ತಿದ ಚಾಕೊಲೆಟ್ ಉಂಡೆಗಳನ್ನು ನೋಡಿ, "ಅವನ ಮಾರಿ ಹರದು ಬಾಯಾಗ ಹಾಕ್ಕೋಬೇಕೇನು?" ಎಂದು ಕೇಳಿದಳು. ಕಾಫಿಯ ಜೊತೆಗೆ ತಟ್ಟೆಯಲ್ಲಿ ಒಂದು ಲೋಟ ನೀರು ಬಂದಾಗಂತೂ ಅವಳಿಗೆ ಆ ಊರಿನ ಮೇಲೆ ಪೂರ್ತಿ ವಿಶ್ವಾಸ ಹುಟ್ಟಿತು. ಲಂಡನ್ನಿನಲ್ಲಿ ನೀರು ಬೇಕೆಂದು ಬಾಯಿಬಿಟ್ಟು ಕೇಳಬೇಕಾದದ್ದು ಅವಳ ಹಳೆಯ ದೂರು.

ಮರುದಿನ ಕೋಟೆ. ಹಳಿಯ ಮೇಲೆ ಗುಡ್ಡ ಹತ್ತುವ ಪುಟ್ಟ ಗಾಡಿಯಲ್ಲಿ ಮೇಲೆ ಹೋದೆವು. ಮುಂದಿನ ಅಂಗಳದಿಂದ ಹೊಳೆಯನ್ನೂ ಗೋಪುರಗಳನ್ನೂ ಅನಘಾಳೇ ತೋರಿಸಿದಳು. "ಅದು ಕ್ಯಾಲೆಂಡರಿನಾಗ ನೋಡೇನಿ ಬಿಡು," ಎಂದಳು ಶಶಿ. "ಹಿಂದ ಹೋಗ್ರಿ." ಅಷ್ಟರಲ್ಲಿ ಅನಘಾ, "ಡ್ಯಾಡ್, ಐ ನೀಡ್ ದ ಲೂ" ಎಂದು ಫೋನನ್ನು ನನ್ನ ಕೈಗಿತ್ತು ಶೌಚಾಲಯದ ಉದ್ದನೆಯ ಸಾಲಿನಲ್ಲಿ ಹೋಗಿ ನಿಂತಳು.

ನಾನು ಕೋಟೆಯ ಹಿಂಬದಿಯ ಗೋಡೆಗೆ ಬಂದೆ. ಆ ಗಳಿಗೆಗೇ ಕೆಳಗಿನ ಊರಿನ ಚರ್ಚುಗಳೆಲ್ಲ ಮಧ್ಯಾಹ್ನದ ಗಂಟೆ ಬಾರಿಸತೊಡಗಿದವು. ಒಂದು ಮುಗಿಯುವ ಮೊದಲೇ ಇನ್ನೊಂದು. ಶಶಿ ಏನೋ ಹೇಳುತ್ತಿದ್ದಳು, ಕೇಳಿಸಲಿಲ್ಲ. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ನಮ್ಮ ಕಾಲದವರಿಗೆ ಫೋನು ಅಂದರೆ ಕಿವಿಗೆ ಇಡುವ ವಸ್ತು. ನಾನು ಮೊದಲು ಫೋನು ಹಿಡಿದದ್ದು ಎಸ್‌ಟಿಡಿ ಬೂತಿನಲ್ಲಿ, ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡು ಕೂಗುತ್ತ. ಅದರಲ್ಲಿ ಮುಖ ಕಾಣುವ ಸೌಕರ್ಯ ಬಂದು ವರ್ಷಗಳಾದರೂ ಕೈಗೆ ಹಳೆಯ ಬುದ್ಧಿ ಹೋಗಿರಲಿಲ್ಲ.

"ಕಾಣಸ್ತೈತೇನು?" ಎಂದು ಕೂಗಿದೆ. ಅವಳು ಮತ್ತೇನೋ ಅಂದಳು. ಕಾಣಿಸುತ್ತಿದೆ ಎಂದೇ ತಿಳಿದೆ. "ನೋಡು, ದೊಡ್ಡ ಹಸರು ಬಯಲು. ನಡುವ ಒಂದ ಒಂದು ಮನಿ. ಅದರಾಚಿ ಗುಡ್ಡ. ಇನ್ನೇನಿಲ್ಲ." ಅವಳು ಏನೋ ಕೇಳಿದಳು. ಗಂಟೆಗಳು ಬಿಡಲಿಲ್ಲ. "ಮನಿಗೆ ಬಂದು ಹೇಳ್ತೀನಿ ತಗೋ" ಎಂದು ಫೋನು ಇಟ್ಟೆ. ಅನಘಾ ಬಂದಳು, ಹಸಿವಾಗಿತ್ತು, ಬುತ್ತಿ ಬಿಚ್ಚಿದೆವು.

ಹ್ಯಾರೋಕ್ಕೆ ಮರಳಿದ ಸಂಜೆ ನಾನು ಎದೆಯುಬ್ಬಿಸಿ, "ಕೋಟಿ ಹಿಂದ ಮುಂದ ಎಲ್ಲಾ ತೋರಿಸಿದ್ನಿಲ್ಲೋ ನಿನಗ?" ಎಂದಿದ್ದೆ. ಅವಳು ಹೂಂ ಎಂದು ಒಗೆಯುವ ಬಟ್ಟೆಗಳನ್ನು ಚೀಲದಿಂದ ತೆಗೆಯತೊಡಗಿದ್ದಳು. ಆಮೇಲೆ ಅವಳ ಅವ್ವ ತೀರಿಕೊಂಡರು. ಅಪ್ಪಣೆಯ ಮಾತು ಅಲ್ಲಿಗೆ ಮುಗಿಯಿತು; ಅವಳೂ ಬ್ರಿಟಿಷ್ ಪಾಸ್‌ಪೋರ್ಟ್ ಮಾಡಿಸಿಕೊಂಡಳು. ಇನ್ನು ಮೂವರೂ ಯಾವಾಗ ಬೇಕಾದರೂ ಹೋಗಬಹುದಿತ್ತು. ಮಗಳ ಪರೀಕ್ಷೆ, ಕ್ಯಾನರಿ ವಾರ್ಫಿನ ನನ್ನ ಆಫೀಸು, ಅಡಿಗೆಮನೆಯ ರಿಪೇರಿ. ಯಾವಾಗ ಬೇಕಾದರೂ ಹೋಗಬಹುದಾದ ಊರಿಗೆ ಜನ ಹೋಗುವುದೇ ಇಲ್ಲ. ಅಷ್ಟರಲ್ಲಿ ಒಂದು ದಿನ ಅವಳು ಟ್ಯೂಬ್ ರೈಲಿನಲ್ಲಿ ಎದುರು ಕೂತವರ ಮೂಗು ಕಾಣುತ್ತಿಲ್ಲ ಎಂದಳು.

"ಹಂಗಾರ ಕೋಟಿ ಹಿಂದಿಂದು ನೀ ನೋಡೇ ಇಲ್ಲ?" ಎಂದೆ ಆ ಶನಿವಾರ.

"ನಿಮ್ಮ ಕಿವಿ ನೋಡೇನಿ." ಅವಳು ನಕ್ಕಳು. "ಫೋನು ಮುಂದ ಹಿಡೀರಿ, ಮುಂದ ಹಿಡೀರಿ ಅಂತ ಒದರಿದೆ. ನಿಮಗ ಗಂಟಿ ಸಪ್ಪಳ. ಹಿಟ್ಟಿನ ಕೈ, ಏನ ಒತ್ತಿದ್ನೋ, ಫೋಟೋ ಬಿತ್ತು."

"ಮನಿಗೆ ಬಂದಾಗರ ಹೇಳಬೇಕಿಲ್ಲ?"

"ಎಲ್ಲಾ ತೋರಿಸಿದೆ ಅಂತ ಎಷ್ಟ ಖುಷೀಲೆ ಹೇಳಿದ್ರಿ. ಮತ್ತ ಯಾಕ ಅಂತ ಬಿಟ್ಟೆ. ಹೆಂಗೂ ಒಮ್ಮೆ ಕೂಡೇ ಹೋಗ್ತೀವಿ, ಅವಾಗ ನೋಡಿದ್ರಾತು ಅಂದ್ಕೊಂಡೆ."

ಅವಳ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ನಾನು ವಾದಿಸಿ ಬಚಾವಾಗುತ್ತಿದ್ದೆ. ನನಗೆ ಬಹಳ ಸಂಕಟವಾಯಿತು. ಮುಂದಿನ ತಿಂಗಳೇ ಹೋಗೋಣ ಎಂದೆ. "ಈಗ ಬಂದು ಏನ ನೋಡ್ಲಿ? ನಡುವಿಂದೆಲ್ಲಾ ಅಳಿಸಿ ಹೋಗೇತಿ" ಎಂದಳು. ಹಾಗಾದರೆ ನಾನೇ ಹೇಳುತ್ತೇನೆ ಕೇಳು ಎಂದು ಕಣ್ಣು ಮುಚ್ಚಿಕೊಂಡೆ. ಬಯಲು ಬಂತು, ಮನೆ ಬಂತು, ಗುಡ್ಡ ಬಂತು.

"ಆ ಮನಿಗೆ ದಾರಿ ಯಾವ ಕಡೆಯಿಂದ ಐತಿ?" ಎಂದು ಕೇಳಿದಳು.

ನಾನು ಕಣ್ಣು ತೆರೆದೆ. ಗೊತ್ತಿರಲಿಲ್ಲ.

"ಅವತ್ತೂ ಅದನ್ನ ಕೇಳಿದ್ದೆ," ಎಂದಳು. "ಬಯಲಿನಾಗ ಒಂದ ಮನಿ ಅಂದ್ರಲ್ಲ, ಒಳಗಿನವರು ಹಾಲು ತರಾಕ, ಮಂದಿ ಮಾತಾಡ್ಸಾಕ ಹೆಂಗ ಬರ್ತಾರ ಅಂತ. ರೊಟ್ಟಿ ಬಡಿಯೂವಾಗ ಈಗೂ ಅದ ನೆನಪಾಗ್ತೈತಿ."

ಎರಡು ಒಳ್ಳೆಯ ಕಣ್ಣಿಟ್ಟುಕೊಂಡು ಆ ಗೋಡೆಯ ಹತ್ತಿರ ನಿಂತವನು ನಾನು. ಅವಳ ಬದಲಿಗೆ ನೋಡಲು ಹೋದವನು. ಆ ದಾರಿಯನ್ನು ನಾನು ನೋಡಲಿಲ್ಲ. ಇಷ್ಟು ವರ್ಷ ಆ ಬಯಲನ್ನು ನೆನೆದದ್ದೂ ಇಲ್ಲ. ರೊಟ್ಟಿ ಬಡಿಯುವಾಗಲೆಲ್ಲ ಅದಕ್ಕೆ ದಾರಿ ಹುಡುಕಿದವಳು ಅವಳು. ನಾಚಿಕೆಯಾಗಿ ಹಳೆಯ ಫೋನನ್ನು ಎತ್ತಿಕೊಂಡು ಆ ಕಿವಿಯನ್ನು ಅಳಿಸಲು ಹೋದೆ.

"ಇರ್ಲಿ ಬಿಡ್ರಿ, ಅಳಸಬ್ಯಾಡ್ರಿ," ಎಂದಳು.

"ಏನದರಾಗ ಇಡೂವಂಥಾದ್ದು?"

ಅವಳು ಫೋನು ತೆಗೆದುಕೊಂಡು ಮತ್ತೆ ಮುಖದ ಹತ್ತಿರ ಹಿಡಿದಳು, ಕತ್ತು ಓರೆ ಮಾಡಿದಳು. "ಕಿವಿ ಈಗ ನನಗ ಅಷ್ಟು ಕಾಣಂಗಿಲ್ಲ ರೀ. ಅದರ ಬಾಜೂಕ ಅಂಚಿನಾಗ ಒಂದೀಟು ಹಸರು ಐತಿ. ಅದ ಕಾಣತೈತಿ."

ಇಸಿದುಕೊಂಡು ನೋಡಿದೆ. ಹೌದು, ಕಿವಿಯ ಹಾಲೆಯ ಕೆಳಗೆ, ಚಿತ್ರದ ಮೂಲೆಯಲ್ಲಿ, ಉಗುರಿನಷ್ಟು ಹಸಿರು. ದೊಡ್ಡದು ಮಾಡಿ ಹುಡುಕಿದೆ. ಬಣ್ಣ ಒಡೆದು ಚೌಕಚೌಕವಾಯಿತೇ ಹೊರತು ದಾರಿ ಕಾಣಲಿಲ್ಲ. ಶಶಿ ಚಹಕ್ಕೆ ನೀರಿಡಲು ಒಳಗೆ ಹೋದಳು. ನಾನು ಕಿವಿಯನ್ನು ಹೊಸ ಫೋನಿಗೆ ಸಾಗಿಸಿದೆ.