ಶಲವಡಿ ಹಗೇವಿಗೆ ಮೂರು ಬಸ್ಸು

ಶುಕ್ರವಾರ ಮುಂಜಾನೆ ಏಳೂವರೆಗೆ ಸಂಶಿ ಬಿಟ್ಟೆವು, ನಾನು ಮತ್ತು ನನ್ನ ಮೊಮ್ಮಗಳು ಪಲ್ಲವಿ. ಹೊರಟದ್ದು ನನ್ನ ತವರುಮನೆ ಶಲವಡಿಗೆ. ಮಗನ ಕಾರು ಬಾಗಿಲಲ್ಲೇ ನಿಂತಿತ್ತು. ಅದರಲ್ಲಿ ಕೂತಿದ್ದರೆ ಬಿಸಿಲೇರುವ ಮೊದಲೇ ಮುಟ್ಟುತ್ತಿದ್ದೆವು. ಪಲ್ಲವಿ ಬೇಡ ಎಂದಳು.

"ಇಬ್ಬರ ಸಲುವಾಗಿ ಅಷ್ಟು ಪೆಟ್ರೋಲ್ ಸುಡಬಾರದು ಆಯಿ. ಹೊಗಿ ಎಷ್ಟ ಆಗತೈತಿ ಗೊತ್ತೈತೇನು?"

"ನನ್ನ ಮೊಣಕಾಲು ಎಷ್ಟ ಸುಡತಾವು ಅದು ಗೊತ್ತೈತೇನು ನಿನಗ?" ಎಂದೆ. ಅವಳು ನಕ್ಕು ನನ್ನ ಗಂಟು ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು. ನಾನು ಬೈಯುತ್ತ ಹಿಂದೆ ನಡೆದೆ.

ಯಾಕೆ ಹೊರಟೆವು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಪಲ್ಲವಿ ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಭೂಮಿ ಕೆಡದ ಹಾಗೆ ಬಾಳುವುದು ಹೇಗೆ ಎಂಬುದಕ್ಕೂ ಒಂದು ಓದು ಇದೆಯಂತೆ, ಅದನ್ನು ಕಲಿಯಲು ಪರದೇಶಕ್ಕೆ ಹೋಗಬೇಕಂತೆ. ಅರ್ಜಿ ಹಾಕಿದ್ದಳು. ಅಲ್ಲಿಯವರು ಮೂರು ನಿಮಿಷದ ವಿಡಿಯೋ ಕೇಳಿದ್ದರು. ನಿಮ್ಮ ಮನೆತನದವರು ನೆಲ, ನೀರು ಕೆಡಿಸದೆ ಮಾಡಿಕೊಂಡು ಬಂದ ಒಂದು ಕೆಲಸ ತೋರಿಸಿ, ನೀವೇ ತೆಗೆದದ್ದಿರಬೇಕು, ಖರೇ ಇರಬೇಕು ಎಂದು. ಅದು ಅವರ ಮನಸ್ಸಿಗೆ ಬಂದರಷ್ಟೇ ಫೀ ಮಾಫಿ. ಮಾಫಿ ಇಲ್ಲದಿದ್ದರೆ ಹೋಗುವ ಮಾತೇ ಇಲ್ಲ. ಶನಿವಾರ ಸಂಜೆ ಆರಕ್ಕೆ ಅದನ್ನು ಕಳಿಸುವ ಬಾಗಿಲು ಮುಚ್ಚುತ್ತದೆ. ಪರೀಕ್ಷೆ ಎಂದು ಕೊನೆಯ ಎರಡು ದಿನದವರೆಗೂ ಕೂತಿದ್ದಳು.

ನನ್ನ ತವರುಮನೆಯ ಅಂಗಳದಲ್ಲಿ ಒಂದು ಹಗೇವು ಇದೆ. ಹಗೇವು ಅಂದರೆ ನೆಲದಲ್ಲಿ ತೋಡಿದ ಜೋಳದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗಡೆ ಮಣ್ಣು ಸೆಗಣಿ ಬಳಿದು, ಸುತ್ತಲೂ ಜೋಳದ ದಂಟು ನಿಲ್ಲಿಸಿ, ತಳಕ್ಕೆ ಹೊಟ್ಟು ಹಾಸಿ, ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಔಷಧ ಇಲ್ಲ, ಕರೆಂಟಿಲ್ಲ. ಈಗ ತುಂಬುವವರಿಲ್ಲ, ಆದರೆ ಗುಂಡಿ ಹಾಗೇ ಇತ್ತು. ಪಲ್ಲವಿಗೆ ಅದೇ ಬೇಕಾಗಿತ್ತು.

ಕುಂದಗೋಳದ ಮೇಲೆ ಹುಬ್ಬಳ್ಳಿಗೆ ಹೋಗುವ ಬಸ್ಸು ಬಂತು. ಹೆಂಗಸರಿಗೆ ಟಿಕೆಟ್ ಸೊನ್ನೆ. ಸೊನ್ನೆ ಎಂದೇ ಇಡೀ ತಾಲೂಕಿನ ಹೆಂಗಸರು ಆ ಬಸ್ಸಿನಲ್ಲಿದ್ದರು. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ, ನನ್ನ ಮುಖ ನೋಡಿ, "ಇದು ನೀವಽ ಏನ್ರಿ ಅಮ್ಮಾ?" ಎಂದ.

"ಅಲ್ಲಪಾ, ನನ್ನ ಅತ್ತಿ. ಸತ್ತು ನಲವತ್ತು ವರ್ಷ ಆತು, ಫುಕಟ್ ಬಸ್ ಅಂತ ಎದ್ದು ಬಂದಾಳ" ಎಂದೆ. ಅವನು ಟಿಕೆಟ್ ಹರಿದು ಕೊಟ್ಟ.

ಕುಂದಗೋಳದವರೆಗೆ ನಿಂತೇ ಹೋದೆ. ಅಲ್ಲಿ ಒಂದು ಸೀಟು ಸಿಕ್ಕಿತು. ಬಾಜುವಿನಲ್ಲಿ ಮೆಣಸಿನಕಾಯಿ ಚೀಲ ಹಿಡಿದ ಹೆಣ್ಣುಮಗಳು ಕೂತಿದ್ದಳು. ಪಲ್ಲವಿ ನನ್ನ ತಲೆಯ ಮೇಲೆ ನಿಂತು ಫೋನಿನಲ್ಲಿ ಸುದ್ದಿ ನೋಡುತ್ತ, ಎಲ್ಲೋ ಯುದ್ಧ ನಡೆದು ಹಡಗು ನಿಂತಿವೆ, ಇನ್ನು ನಮ್ಮ ಗೊಬ್ಬರದ ರೇಟು ಏರುತ್ತದೆ ಎಂದು ಹೇಳುತ್ತಿದ್ದಳು. ಮೆಣಸಿನಕಾಯಿಯವಳು ಕಿವಿಗೊಟ್ಟು ಕೇಳಿ, "ಏನ್ ಓದತಾಳ್ರೀ ನಿಮ್ಮ ಹುಡುಗಿ?" ಎಂದಳು.

"ಭೂಮಿ ಉಳಸೂದು."

"ಯಾರ ಭೂಮಿರೀ? ಕೋರ್ಟಿನ್ಯಾಗ ಐತೇನು?"

"ಎಲ್ಲಾರದೂ ಅಂತ."

"ಅಯ್ಯ, ಎಲ್ಲಾರದೂ ಆದ್ರ ಭಾಳ ಕಷ್ಟ ಬಿಡ್ರಿ" ಎಂದು ಆಕೆ ಚೀಲ ಸರಿಸಿಕೊಂಡಳು. ಆ ದಿನ ನಾನು ಕೇಳಿದ ಬುದ್ಧಿಯ ಮಾತು ಅದೊಂದೇ.

ಹುಬ್ಬಳ್ಳಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಶಿವರಾತ್ರಿ ಮುಗಿದು ಹದಿನೈದು ದಿನವಾಗಿತ್ತಷ್ಟೆ. ಚಹಾ ಕುಡಿಯೋಣ ಎಂದರೆ ಅಲ್ಲಿಯೂ ಫಜೀತಿ. ಪಲ್ಲವಿ ಕಾಗದದ ಕಪ್ಪು ಬೇಡ ಎಂದು ಚೀಲದಿಂದ ಎರಡು ಸ್ಟೀಲ್ ಲೋಟ ತೆಗೆದು ಚಹಾದವನ ಮುಂದೆ ಇಟ್ಟಳು. ಅವನು ಲೋಟದೊಳಗೆ ಇಣುಕಿ, "ಇದು ಲೋಟ ಅಲ್ರೀ ಅಕ್ಕಾರ, ಕೊಡ. ತುಂಬಸಬೇಕಂದ್ರ ನಾ ಇವತ್ತು ಅಂಗಡಿ ಮುಚ್ಚಬೇಕಾಗತೈತಿ" ಎಂದ. ತಳದಲ್ಲಿ ನಾಲ್ಕು ಗುಟುಕು ಹಾಕಿಕೊಟ್ಟ. ಮುಂದೆ ಆ ಲೋಟ ತೊಳೆಯಲು ನಲ್ಲಿ ಹುಡುಕುತ್ತ ಹೋದೆವು. ಅಷ್ಟರಲ್ಲಿ ಅಣ್ಣಿಗೇರಿ ಬಸ್ಸು ನಮ್ಮ ಕಣ್ಣೆದುರೇ ಹೋಯಿತು. ಮುಂದಿನದಕ್ಕೆ ಮುಕ್ಕಾಲು ತಾಸು ಕಾದೆವು. ನಾನು ಮಿರ್ಚಿ ಭಜಿ ಕಟ್ಟಿಸಿಕೊಂಡ ಕಾಗದವನ್ನು ಕೆಳಗೆ ಒಗೆಯಲು ಬಿಡದೆ ಪಲ್ಲವಿ ಮಡಚಿ ನನ್ನ ಗಂಟಿನಲ್ಲೇ ಇಟ್ಟಳು. ಶಲವಡಿ ಮುಟ್ಟುವ ತನಕ ನನ್ನ ಸೀರೆಗೆ ಎಣ್ಣೆಯ ವಾಸನೆ.

ಅಣ್ಣಿಗೇರಿಯಲ್ಲಿ ಮೂರನೆಯ ಬಸ್ಸು ಹತ್ತಿದೆವು. ಎರಡೂ ಕಡೆ ಕರಿ ಹೊಲ, ಕಡಲೆ ಕಿತ್ತ ನೆಲ ಬಿರುಕು ಬಿಟ್ಟಿತ್ತು. ಗಿಡ ಎಂಬುದು ಕಣ್ಣಿಗೆ ಬೀಳಬೇಕಾದರೆ ಮತ್ತೊಂದು ಊರು ಬರಬೇಕು. ಪಲ್ಲವಿ ಕಿಟಕಿಯಲ್ಲಿ ಫೋನ್ ಹಿಡಿದು ಅದನ್ನೇ ತೆಗೆಯುತ್ತಿದ್ದಳು. ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ.

ನನ್ನ ತಮ್ಮ ಈರಪ್ಪ ಬಸ್‌ಸ್ಟ್ಯಾಂಡಿಗೇ ಬಂದಿದ್ದ. ಮುಖದ ತುಂಬ ನಗು. ಅವನು ಹಾಗೆ ನಕ್ಕಾಗಲೆಲ್ಲ ಏನೋ ಕೆಡಿಸಿರುತ್ತಾನೆ, ಸಣ್ಣವನಿದ್ದಾಗಿನಿಂದ ನೋಡಿದ್ದೇನೆ. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಮೊಸರು ಉಂಡೆವು. ಕೈ ತೊಳೆಯುತ್ತಿದ್ದಂತೆ, "ಬರ್ರಿ ಬರ್ರಿ, ನೋಡ್ರಿ" ಎಂದು ಅಂಗಳಕ್ಕೆ ಕರೆದುಕೊಂಡು ಹೋದ.

ಹಗೇವಿನ ಬಾಯಿಗೆ ಕೆಂಪು ಆಯಿಲ್ ಪೇಂಟ್ ಹಚ್ಚಿದ್ದ. ಒಳಗೆ ತಳದಿಂದ ಕೊರಳಿನವರೆಗೆ ಸಿಮೆಂಟು, ಕನ್ನಡಿಯ ಹಾಗೆ ನಯ. ವೈರು ಎಳೆದು ಒಂದು ಬಲ್ಬು ಇಳಿಬಿಟ್ಟಿದ್ದ. ಅದು ಬೆಳ್ಳಗೆ ಉರಿಯುತ್ತಿತ್ತು.

"ಇದೇನು ಮಾಡಿಟ್ಟಿಲೇ ಈರಪ್ಪಾ!"

"ಎಂಟು ದಿನ ಆತು ಅಕ್ಕಾ. ಹಗಲೂ ರಾತ್ರಿ ಗೌಂಡಿ ಹಚ್ಚಿ ಮಾಡಿಸೇನಿ. ಎರಡೂ ಹೊತ್ತು ನೀರ ಹೊಡಿಯಾಕತ್ತೇನಿ, ಗಟ್ಟಿ ಆಗಬೇಕಲ್ಲ. ಫಾರಿನ್ ಮಂದಿ ನೋಡತಾರ, ಮಣ್ಣು, ಸೆಗಣಿ, ಜ್ಯಾಡರ ಬಲಿ ಕಂಡ್ರ ನಮ್ಮ ಮನಿತನದ ಮರ್ಯಾದಿ ಏನು?" ಪಲ್ಲವಿಯ ಕಡೆ ತಿರುಗಿದ. "ನೀನಽ ಫೋನ್ ಮಾಡಿ ಹೇಳಿದೆಲ್ಲವಾ, ಸ್ವಲ್ಪ ಸ್ವಚ್ಛ ಮಾಡಿ ಇಡ್ರಿ ಅಜ್ಜಾ ಅಂತ?"

ಪಲ್ಲವಿ ಕಲ್ಲಿನ ಮೇಲೆ ಕೂತುಬಿಟ್ಟಳು. ಅವಳು ಹೇಳಿದ್ದು ಕಸ ಗುಡಿಸಿರಿ ಎಂದು. ಅವನು ಮಾಡಿದ್ದು ಇದು. ಪರದೇಶದವರು ನೋಡುತ್ತಾರೆ ಎಂದರೆ ನಮ್ಮ ಮಂದಿಗೆ ಇರುವುದೆಲ್ಲ ಹೊಲಸಾಗಿ ಕಾಣುತ್ತದೆ. ಇಡೀ ಊರಲ್ಲಿ ಬೇರೆ ಹಗೇವು ಇದೆಯೇ ಎಂದು ಸಂಜೆಯವರೆಗೆ ಕೇಳಿ ನೋಡಿದೆವು. ಎಲ್ಲ ಮುಚ್ಚಿಹೋಗಿದ್ದವು. ಒಂದರ ಮೇಲೆ ಮೊಬೈಲ್ ಅಂಗಡಿಯೇ ನಿಂತಿತ್ತು.

ಶನಿವಾರ ಮುಂಜಾನೆ ಈರಪ್ಪನೇ ಉಪಾಯ ತೆಗೆದ. "ಇಷ್ಟಕ್ಕ ಯಾಕ ಮಾರಿ ಸಣ್ಣದು ಮಾಡೀರಿ? ಸಿಮೆಂಟಿನ ಮ್ಯಾಲೆ ಮಣ್ಣು ಸೆಗಣಿ ಬಳಿಯೂಣು, ದಂಟು ನಿಲ್ಲಿಸೂಣು. ಅಗದಿ ಹಳೇದರಂಗ ಕಾಣತೈತಿ. ಯಾರಿಗೆ ಗೊತ್ತಾಗತೈತಿ?"

ನಾನು ಪಲ್ಲವಿಯ ಮುಖ ನೋಡಿದೆ. ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. ಇಬ್ಬರ ಸಲುವಾಗಿ ಪೆಟ್ರೋಲ್ ಸುಡಬಾರದು ಎಂದವಳು.

"ಆಯಿ, ಬಳಿಯೂದು ನಿನ್ನಷ್ಟು ಚಂದ ಯಾರಿಗೂ ಬರಂಗಿಲ್ಲ. ಬಳದು ಕೊಡಬೇ. ಇದೊಂದ ಸಲ" ಎಂದಳು. ಕಣ್ಣು ಕೆಂಪಾಗಿದ್ದವು.

"ನಿಲ್ಲಂಗಿಲ್ಲ ಅದು."

"ಮೂರು ನಿಮಿಷ ನಿಂತ್ರ ಸಾಕು."

ಬಳಿದೆ. ಅದನ್ನು ಮುಚ್ಚಿಡುವುದಿಲ್ಲ. ಹುಡುಗಿಗೆ ಆ ಓದು ಸಿಗಲಿ ಎಂಬ ಆಸೆ ನನಗೂ ಇತ್ತು. ಹಿತ್ತಲಿನಿಂದ ಸೆಗಣಿ ತಂದೆ, ಮಣ್ಣು ಜರಡಿ ಹಿಡಿದೆ, ಹೊಟ್ಟು ಕಲಸಿದೆ. ಒಳಗೆ ಇಳಿಯುವ ಮೊದಲು ಕಂದೀಲು ತಾ ಎಂದೆ.

"ಬಲ್ಬು ಐತೆಲ್ಲ ಅಕ್ಕಾ" ಎಂದ ಈರಪ್ಪ.

"ಗಾಳಿ ಇಲ್ಲದಿದ್ರೂ ಬಲ್ಬು ಉರೀತೈತಿ. ನೀನೂ ಉರೀತೀಯೇನು?"

ನಾನು ಒಂಬತ್ತು ವರ್ಷದವಳಿದ್ದಾಗ ಅಪ್ಪ ನನ್ನನ್ನು ಇದೇ ಹಗೇವಿನಲ್ಲಿ ಇಳಿಸುತ್ತಿದ್ದ. ಮೊದಲು ಹಗ್ಗದಲ್ಲಿ ಕಂದೀಲು ಇಳಿಯುತ್ತಿತ್ತು. ದೀಪ ಆರಿದರೆ ಆ ದಿನ ಯಾರೂ ಇಳಿಯುವಂತಿಲ್ಲ, ಬಾಯಿ ತೆರೆದಿಟ್ಟು ಕಾಯಬೇಕು. ಕಂದೀಲು ಅಟ್ಟದ ಮೇಲೆ ಸಿಕ್ಕಿತು. ಹೊತ್ತಿಸಿ ಇಳಿಬಿಟ್ಟೆವು, ಆರಲಿಲ್ಲ. ಪಲ್ಲವಿ ಇದನ್ನೆಲ್ಲ ಫೋನಿನಲ್ಲಿ ಹಿಡಿಯುತ್ತಿದ್ದಳು. ಆಮೇಲೆ ಈರಪ್ಪ, ನಾನು ಏಣಿ ಹಾಕಿ ಇಳಿದೆವು.

ಮಧ್ಯಾಹ್ನದ ಹೊತ್ತಿಗೆ ಒಂದು ಮಗ್ಗುಲು ಬಳಿದಾಗಿತ್ತು. ಮೇಲಿನಿಂದ ನೋಡಿದರೆ ಖರೇನೇ ಹಳೆಯ ಹಗೇವು. ನಾನು ಮೇಲೆ ಹತ್ತಿ ಬಂದೆ. ಈರಪ್ಪ ದಂಟಿನ ಸಿವುಡು ಹಿಡಿದು ಕೆಳಗೆ ನಿಂತಿದ್ದ. ಪಲ್ಲವಿ ಫೋನ್ ಹಿಡಿದು, ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಶುರು ಮಾಡಿದಳು. ನಾಲ್ಕು ಮಾತು ಆಗಿರಬೇಕು. ಗೋಡೆಯ ಮಣ್ಣು ಚಪಾತಿ ಹಾಗೆ ಎದ್ದು, ಜಾರಿ, ಈರಪ್ಪನ ಬೋಳು ತಲೆಯ ಮೇಲೆ ಪೂರ್ತಿ ಕೂತಿತು.

"ಅವ್ವಾ, ಸತ್ತೆ!" ಎಂದು ಒಳಗಿನಿಂದ ಕೂಗಿದ.

"ಸಾಯಂಗಿಲ್ಲ, ಸೆಗಣಿ ಅದು" ಎಂದೆ.

ಪಲ್ಲವಿ ನಗಲಿಲ್ಲ. ಫೋನನ್ನೂ ಕೆಳಗಿಳಿಸಲಿಲ್ಲ. "ಆಯಿ, ಯಾಕ ನಿಲ್ಲವಲ್ದು?" ಎಂದಳು.

"ಮಣ್ಣಿಗೆ ಮಣ್ಣು ಹಿಡೀತೈತಿ. ಮಣ್ಣಿನ ಗೋಡಿ ನೀರ ಕುಡೀತೈತಿ, ಉಸಿರಾಡತೈತಿ. ಅದಕ್ಕಽ ಜ್ವಾಳ ಉಳೀತಿತ್ತು. ಇದು ಕುಡಿಯಂಗಿಲ್ಲ, ಉಸಿರಾಡಂಗಿಲ್ಲ. ಇದರಾಗ ಜ್ವಾಳ ತುಂಬಿದ್ರ ಬೆವತು ಮುಗ್ಗಿ ಹೋಗತಾವು. ಮುಂಜಾನೆ ನಿಲ್ಲಂಗಿಲ್ಲ ಅಂದ್ರ ನೀವಿಬ್ಬರೂ ಕೇಳಿದ್ರೇನು? ಕುತ್ತಿಗಿ ತನಕ ಸೆಗಣಿ ಆದಮ್ಯಾಲೆ ಕೇಳತೀರಿ." ಇನ್ನೂ ಏನೇನೋ ಬೈದೆ. ಅಪ್ಪ ಹೇಗೆ ಬಳಿಯುತ್ತಿದ್ದ, ದಂಟು ಯಾವ ಕಡೆ ಮುಖ ಮಾಡಿ ನಿಲ್ಲಿಸಬೇಕು, ಎಲ್ಲವನ್ನೂ ಬೈಗುಳದಲ್ಲೇ ಹೇಳಿದೆ.

ಅವಳು ಕೆಳಗೆ ಬಗ್ಗಿ, "ಅಜ್ಜಾ, ಉಳದ ಮಣ್ಣೂ ಕೆರದು ತೆಗೀರಿ. ಸಿಮೆಂಟ್ ಕಾಣ್ಲಿ. ಯಾಕ ಹಾಕಿಸಿದ್ರಿ ಅನ್ನೂದು ನೀವಽ ಹೇಳ್ರಿ" ಎಂದಳು.

"ಹಂಗಂದ್ರ ನಿನ್ನ ಫೀ ಮಾಫಿ?"

"ಆದ್ರ ಆತು, ಇಲ್ಲಾಂದ್ರ ಇಲ್ಲ."

ಈರಪ್ಪ ತಲೆ ಒರೆಸಿಕೊಂಡು, ಅಂಗಿ ಬದಲಿಸಿಕೊಂಡು, ಕ್ಯಾಮೆರಾದ ಮುಂದೆ ಹೆಮ್ಮೆಯಿಂದಲೇ ಹೇಳಿದ, ಮರ್ಯಾದೆಯ ಸಲುವಾಗಿ ಎಂದು. ಕೊನೆಗೆ ಪಲ್ಲವಿ ತಾನೇ ಇಂಗ್ಲಿಷಿನಲ್ಲಿ ಏನೋ ಸೇರಿಸಿದಳು. ಜೋಡಿಸಿ ಮುಗಿಸುವಾಗ ಐದು ಗಂಟೆ. ಮನೆಯೊಳಗೆ ನೆಟ್‌ವರ್ಕ್ ಹಿಡಿಯಲಿಲ್ಲ. ಮಾಳಿಗೆ ಹತ್ತಿದಳು. ಅವಳಿಗೆ ಕೊಡೆ ಹಿಡಿಯಲು ನಾನೂ ಹತ್ತಿದೆ, ಇಳಿಬಿಸಿಲಿಗೆ ಫೋನು ಬಿಸಿಯಾಗಿ ಬಂದ್ ಆಗುತ್ತಿತ್ತಂತೆ. ಆರಕ್ಕೆ ಎಂಟು ನಿಮಿಷ ಇದ್ದಾಗ ವಿಡಿಯೋ ಹೋಯಿತು. ನನ್ನ ಮೊಣಕಾಲು ಮಾತ್ರ ಮಾಳಿಗೆ ಇಳಿಯಲು ಒಪ್ಪಲಿಲ್ಲ.

ಭಾನುವಾರ ಮುಂಜಾನೆ ಹೊರಟೆವು. ಈರಪ್ಪ ಕಂದೀಲನ್ನು ಪಲ್ಲವಿಯ ಕೈಗೆ ಕೊಟ್ಟ. "ಒಯ್ಯವಾ, ನನಗ ಬಲ್ಬು ಐತಿ" ಎಂದ, ಇನ್ನೂ ಬುದ್ಧಿ ಬಂದಿಲ್ಲ. ಬಸ್ಸಿನಲ್ಲಿ ಅವಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಕಂಡಕ್ಟರ್ ನಮ್ಮಿಬ್ಬರ ಕಾರ್ಡು ನೋಡಿ, "ಇದಕ್ಕೂ ಆಧಾರ್ ಐತೇನ್ರಿ?" ಎಂದ. "ಇದರ ವಯಸ್ಸು ನೋಡಿ ಬಿಟ್ಟುಬಿಡಪಾ" ಎಂದೆ.

ಊರು ದಾಟಿದ ಮೇಲೆ ಪಲ್ಲವಿ ವಿಡಿಯೋ ತೋರಿಸಿದಳು. ಕಂದೀಲು ಇಳಿಯುವುದು, ಮಣ್ಣು ಕಳಚುವುದು, ನನ್ನ ಬೈಗುಳ, ಈರಪ್ಪನ ಹೆಮ್ಮೆ, ಎಲ್ಲ ಇತ್ತು. ಕೊನೆಗೆ ಅವಳ ಇಂಗ್ಲಿಷ್.

"ಇಲ್ಲಿ ಏನಂದಿ?"

"ಮಳಿಗಾಲದಕಿಂತ ಮದಲ ಈ ಸಿಮೆಂಟ್ ಒಡದು ತೆಗೀತೀವಿ, ನಮ್ಮ ಆಯಿ ಹಳೇ ಪದ್ಧತಿಲೆ ಮತ್ತ ಬಳೀತಾಳ, ನಾ ಕಲೀತೀನಿ ಅಂತ."

"ನನ್ನ ಕೇಳಿದಿ?"

"ಇಲ್ಲ."

"ನಿಮ್ಮ ಅಜ್ಜನ್ನ ಕೇಳಿದಿ?"

"ಇಲ್ಲ."

"ಮತ್ತ ಖರೇ ಇರಬೇಕು ಅಂದಿದ್ರಲ್ಲ ಅವರು?"

ಅವಳು ಕಂದೀಲಿನ ಗಾಜು ಒರೆಸುತ್ತ ನನ್ನ ಮುಖ ನೋಡಿದಳು. ಸುಳ್ಳು ತೋರಿಸಲು ಮಣ್ಣು ಬಳಿದವಳು ನಾನು. ಈಗ ಅವಳ ಮಾತು ಸುಳ್ಳಾಗದ ಹಾಗೆ ಮಾಡುವ ಕೆಲಸವೂ ನನ್ನ ತಲೆಗೇ ಬಂತು. ತಿರುಗಿ ನೋಡಿದೆ. ಶಲವಡಿ ಆಗಲೇ ಕರಿ ಹೊಲದ ಆಚೆ ಒಂದು ಗೆರೆಯಾಗಿತ್ತು.

ಅಣ್ಣಿಗೇರಿಯಲ್ಲಿ ಇಳಿದ ಕೂಡಲೇ ಅವಳ ಫೋನ್ ಕಸಿದುಕೊಂಡು ಈರಪ್ಪನಿಗೆ ಹಚ್ಚಿದೆ.

"ಏನ ಮಾಡಾಕತ್ತೀಲೇ?"

"ಹಗೇವಿಗೆ ನೀರ ಹೊಡಿಯಾಕತ್ತೇನಿ ಅಕ್ಕಾ."

"ನಿಲ್ಲಸು. ಇವತ್ತಿಂದ ಒಂದ ಹನಿ ಹಾಕಬ್ಯಾಡ. ಅದು ಗಟ್ಟಿ ಆಗಬಾರದು."