ಅತ್ತೆಯ ಬಲಗೈ

ನಮ್ಮ ಅತ್ತೆಯನ್ನು ಮಣ್ಣು ಮಾಡಿದ ದಿನ ನನಗೆ ಅಳು ಬರಲಿಲ್ಲ, ನಿದ್ದೆ ಬಂತು. ಗುಂಡಿಯ ಪಕ್ಕದಲ್ಲಿ ನಿಂತಲ್ಲೇ ತೂಕಡಿಸಿದೆ. ನಮ್ಮ ಮನೆಯವರು ತೋಳು ಹಿಡಿದುಕೊಂಡರು. ನೋಡಿದವರು ದುಃಖಕ್ಕೆ ತಲೆ ತಿರುಗಿರಬೇಕು ಎಂದುಕೊಂಡರು, ಯಾರೋ ನೀರಿನ ಬಾಟಲಿ ಕೊಟ್ಟರು. ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟೆ. ನೀರು ಮಾತ್ರ ಕುಡಿದೆ.

ಫಾದರ್ ಪ್ರಾರ್ಥನೆ ಮುಂದುವರಿಸಿದರು. ನಾವು ಪ್ರತಿ ಭಾನುವಾರ ಹೇಳುವ ವಿಶ್ವಾಸಪ್ರಮಾಣ ಶುರುವಾಯಿತು. ತಂದೆಯನ್ನು ನಂಬುತ್ತೇನೆ, ಮಗನನ್ನು ನಂಬುತ್ತೇನೆ, ಎಲ್ಲವನ್ನೂ ಬಾಯಿ ತನ್ನ ಪಾಡಿಗೆ ತಾನು ಹೇಳಿಕೊಂಡು ಹೋಯಿತು. ಸತ್ತವರ ಶರೀರ ಮತ್ತೆ ಏಳುತ್ತದೆ ಎಂದು ನಂಬುತ್ತೇನೆ ಅನ್ನುವ ಮಾತಿಗೆ ಬಂದಾಗ ಮುಚ್ಚಿಕೊಂಡಿತು. ನಂಬಿಕೆ ಇಲ್ಲವೆಂದಲ್ಲ. ನಂಬಿಕೆ ಇತ್ತು, ತೊಂದರೆ ಆದದ್ದೇ ಅದರಿಂದ. ಆ ಶರೀರ ಮತ್ತೆ ಏಳುವುದು ನನಗೆ ಬೇಡವಾಗಿತ್ತು. ಎದ್ದರೆ ಅದನ್ನು ನೋಡಿಕೊಳ್ಳುವವರು ಯಾರು? ನಾನೇ ತಾನೇ.

ರಾಮನಗರದಲ್ಲಿ ನಮ್ಮ ಮನೆ ಇರುವುದು ರೇಷ್ಮೆ ನೂಲು ಬಿಚ್ಚುವ ಶೆಡ್ಡುಗಳ ಓಣಿಯಲ್ಲಿ. ಬಾಗಿಲು ತೆಗೆದರೆ ಬೆಂದ ಹುಳುವಿನ ವಾಸನೆ. ನೆಂಟರು ಬಂದರೆ ಮೂಗು ಮುಚ್ಚಿಕೊಳ್ಳುತ್ತಾರೆ, ನಮಗೆ ಅದು ಗೊತ್ತೇ ಆಗುವುದಿಲ್ಲ. ಅತ್ತೆ ಮದುವೆಯಾಗಿ ಬಂದ ವರ್ಷದಿಂದಲೇ ಆ ಶೆಡ್ಡುಗಳಲ್ಲಿ ದುಡಿದವರು. ಕುದಿಯುವ ನೀರಿನ ತೊಟ್ಟಿಯಲ್ಲಿ ಗೂಡುಗಳು ತೇಲುತ್ತಿರುತ್ತವೆ. ಅದರೊಳಗೆ ಬೆರಳು ಅದ್ದಿ, ಎಳೆಯ ತುದಿ ಹುಡುಕಿ, ತಿರುಗುವ ರಾಟೆಗೆ ಕೊಡಬೇಕು. ಅದೇ ಕೆಲಸ ಮಾಡಿ ಮಾಡಿ ಅವರ ಬೆರಳಿನ ತುದಿಗಳು ಬೆಳ್ಳಗೆ ಸವೆದುಹೋಗಿದ್ದವು. ಪಡಿತರ ಅಂಗಡಿಯ ಯಂತ್ರಕ್ಕೆ ಅವರ ಹೆಬ್ಬೆಟ್ಟು ಸಿಗುತ್ತಲೇ ಇರಲಿಲ್ಲ. ಅಂಗಡಿಯವನಿಗೂ ಯಂತ್ರಕ್ಕೂ ಸೇರಿಸಿ ಬೈದು ಬರುತ್ತಿದ್ದರು.

ಬೈಯುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಓಣಿಯಲ್ಲಿ ಇರಲಿಲ್ಲ. ನಾನು ಸಾತನೂರು ಕಡೆಯವಳು. ಈ ಮನೆಗೆ ಬಂದ ಮೊದಲ ಬೆಳಗ್ಗೆ ನಾನು ಮಾಡಿಕೊಟ್ಟ ಕಾಫಿಯನ್ನು ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, “ಇದೇನವ್ವ, ಕಾಫಿನೋ, ಪಾತ್ರೆ ತೊಳ್ದ ನೀರೋ?” ಅಂದರು. ಅಲ್ಲಿಂದ ಮುಂದೆ ಒಂದು ದಿನವೂ ನನ್ನ ಕಾಫಿ ಸರಿ ಇರಲಿಲ್ಲ. ಸಕ್ಕರೆ ಜಾಸ್ತಿ, ಇಲ್ಲ ಕಡಿಮೆ. ಸಕ್ಕರೆ ಸರಿಯಿದ್ದರೆ ಲೋಟ ತಣ್ಣಗಿದೆ. ನಾನೂ ಬಿಡುತ್ತಿರಲಿಲ್ಲ. “ನೀವೇ ಮಾಡ್ಕೊಳ್ಳಿ ಅತ್ತೆ, ನಂಗೂ ಒಂದು ಲೋಟ ಕೊಡಿ” ಅನ್ನುತ್ತಿದ್ದೆ. “ಕೊಡ್ತೀನಿ ಕಣವ್ವ, ಕಾಲು ನೀಡ್ಕೊಂಡು ಕೂತ್ಕೊ” ಅನ್ನುತ್ತಿದ್ದರು. ಯಾವತ್ತೂ ಕೊಡಲಿಲ್ಲ.

ಒಂದು ಭಾನುವಾರ ಚರ್ಚಿನ ಪೂಜೆಗೆ ಹೊರಟವರು ಬಾಗಿಲಲ್ಲೇ ಕುಸಿದರು. ಲಕ್ವ. ಬಲಗಡೆ ಪೂರ್ತಿ ಹೋಯಿತು, ಜೊತೆಗೆ ಮಾತೂ ಹೋಯಿತು. ನಮ್ಮ ಮನೆಯವರು ಸರ್ಕಾರಿ ಬಸ್ಸಿನ ಡ್ರೈವರ್. ಬೆಳಗ್ಗೆ ಕತ್ತಲೆಯಲ್ಲೇ ಹೊರಟು ಕನಕಪುರದ ಡಿಪೋ ಸೇರಬೇಕು, ವಾಪಸ್ಸು ಬರುವ ಹೊತ್ತು ಅವರ ಕೈಯಲ್ಲಿಲ್ಲ. ಹಾಗಾಗಿ ಅತ್ತೆ ನನ್ನ ಪಾಲಿಗೆ ಬಂದರು. ನಾಲ್ಕು ವರ್ಷ.

ಆ ನಾಲ್ಕು ವರ್ಷವನ್ನು ಬಿಡಿಸಿ ಹೇಳುವ ಶಕ್ತಿ ನನಗಿಲ್ಲ. ಮಲಗಿದವರನ್ನು ನೋಡಿಕೊಂಡವರಿಗೆ ಹೇಳಬೇಕಾಗಿಲ್ಲ, ನೋಡಿಕೊಳ್ಳದವರಿಗೆ ಹೇಳಿ ಪ್ರಯೋಜನವಿಲ್ಲ. ಮಗ್ಗುಲು ತಿರುಗಿಸಬೇಕು, ಒರೆಸಬೇಕು, ಬೆನ್ನಿನ ಹುಣ್ಣಿಗೆ ಪೌಡರ್ ಹಾಕಬೇಕು, ಹಳೇ ಸೀರೆ ಹರಿದು ಹಾಸಬೇಕು, ಗಂಜಿ ಕುಡಿಸಬೇಕು, ಅರ್ಧ ಗಂಜಿ ಕತ್ತಿನ ಮೇಲೆ ಇಳಿದರೆ ಮತ್ತೆ ಒರೆಸಬೇಕು. ತವರಿನಲ್ಲಿ ತಂಗಿಯ ಮದುವೆಗೆ ಹೋದವಳು ತಾಳಿ ಕಟ್ಟಿದ್ದು ನೋಡಿಕೊಂಡು, ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದೆ. “ದೇವರು ನಿನ್ನನ್ನ ನೋಡ್ಕೋತಾನೆ” ಎಂದು ಚರ್ಚಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಒಂದು ಮಧ್ಯಾಹ್ನವಾದರೂ ಅತ್ತೆಯನ್ನು ನೋಡಿಕೊಳ್ಳುತ್ತೇನೆಂದು ಯಾರೂ ಹೇಳಲಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಆ ಬಲಗೈ. ಲಕ್ವ ಹೊಡೆದ ಕೆಲವು ತಿಂಗಳಿಗೆ ಅದು ಮುಷ್ಟಿ ಕಟ್ಟಿಕೊಂಡಿತು. ಬೆರಳುಗಳು ಒಳಕ್ಕೆ ಮಡಚಿ, ಉಗುರು ಅಂಗೈಗೆ ಚುಚ್ಚಿ, ಬೆವರು ಕಟ್ಟಿ ನಾರುತ್ತಿತ್ತು. ಅಂಗೈ ಒಳಗೆ ಹುಣ್ಣಾದರೆ ಗತಿಯಿಲ್ಲ, ದಿನಾ ತೊಳೆಯಲೇಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಉಗುರುಬೆಚ್ಚಗಿನ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ, ಕೈಯನ್ನು ಅದರಲ್ಲಿ ನೆನೆಸಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದೆ. ಕಿರುಬೆರಳು ಬಿಡಿಸಿ ಉಂಗುರ ಬೆರಳಿಗೆ ಬರುವಷ್ಟರಲ್ಲಿ ಕಿರುಬೆರಳು ಮತ್ತೆ ಮಡಚಿಕೊಳ್ಳುತ್ತಿತ್ತು. ಅವರು ನೋವಿಗೆ ನರಳುತ್ತಿದ್ದರು. ಎಡಗೈಯಲ್ಲಿ ನನ್ನನ್ನು ತಳ್ಳುತ್ತಿದ್ದರು. “ಅತ್ತೆ, ನಿಮ್ಗೋಸ್ಕರನೇ ಕಣತ್ತೆ” ಎಂದು ನಾನು ಅರಚುತ್ತಿದ್ದೆ. ಇಬ್ಬರಿಗೂ ಬೆವರು ಇಳಿಯುತ್ತಿತ್ತು. ತೊಳೆದು, ಒರೆಸಿ, ಅಂಗೈಯೊಳಗೆ ಬಟ್ಟೆಯ ಸುರುಳಿ ಇಟ್ಟರೆ ಮಾರನೆಯ ದಿನ ಮತ್ತೆ ಅದೇ ಕಥೆ. ಆ ಕೈಯನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಅತ್ತೆಯ ಮೇಲಲ್ಲ, ಆ ಕೈಯ ಮೇಲೆ.

ಅವರು ಹೋದ ಬೆಳಗ್ಗೆಯೂ ಕೈ ತೊಳೆದು, ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದೆ. ಇಳಿದು ಬಂದಾಗ ಉಸಿರು ಇರಲಿಲ್ಲ. ಕಣ್ಣು ಮುಚ್ಚಿಸಿದೆ, ಮನೆಯವರಿಗೆ ಫೋನ್ ಮಾಡಿದೆ, ಗೋಡೆಗೆ ಒರಗಿ ಕೂತೆ. ಮತ್ತೆ ಏಳಲು ಆಗಲೇ ಇಲ್ಲ. ಎದುರು ಮನೆಯ ದೊಡ್ಡವ್ವ ಬಂದರು. ಅತ್ತೆಯ ಜೊತೆ ಒಂದೇ ಶೆಡ್ಡಿನಲ್ಲಿ ಪಕ್ಕದ ತೊಟ್ಟಿಗೆ ಕೂತು ನೂಲು ತೆಗೆದವರು, ನಮ್ಮ ಚರ್ಚಿನವರೇ. ನನ್ನನ್ನು ಒಂದು ಸಲ ನೋಡಿ, “ನೀನು ಓಗಿ ಒಸಿ ಮಲಿಕ್ಕೊ. ಮಿಕ್ಕಿದ್ದು ನಾವು ನೋಡ್ಕೋತೀವಿ” ಅಂದರು. ಅವರೂ ಇನ್ನಿಬ್ಬರು ಹೆಂಗಸರೂ ಸೇರಿ ಸ್ನಾನ ಮಾಡಿಸಿ ಸೀರೆ ಉಡಿಸಿದರು. ಒಳಕೋಣೆಯಲ್ಲಿ ಮಲಗಿದ ನನಗೆ ನೀರು ಸುರಿಯುವ ಸದ್ದು ಕೇಳಿದ್ದಷ್ಟೇ ನೆನಪು.

ಎದ್ದು ಬಂದು ನೋಡಿದರೆ ಅತ್ತೆಯನ್ನು ಗಾಜಿನ ತಂಪು ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಕೈಗಳು ಎದೆಯ ಮೇಲೆ, ಬೆರಳುಗಳ ನಡುವೆ ಜಪಸರ. ಬಲಗೈಯ ಬೆರಳುಗಳು ನೀಟಾಗಿ ನೀಡಿಕೊಂಡಿದ್ದವು. ನಾಲ್ಕು ವರ್ಷ ಬಿಸಿನೀರು ಹಿಡಿದು ಬೇಡಿಕೊಂಡರೂ ನಿಲ್ಲದ ಬೆರಳುಗಳು ಇವು. ಜಪಸರ ಚೆಂದಕ್ಕೆ ಕಾಣಲಿ ಎಂದು ಇವರು ಎಳೆದು ಮುರಿದಿದ್ದಾರೆ. ಕೇಳಿಯೇ ಬಿಡಬೇಕು ಅನ್ನಿಸಿತು. ಆದರೆ ಕೇಳಿದರೆ ಜಗಳ, ಜಗಳಕ್ಕೆ ತ್ರಾಣ ಬೇಕು. ಬಂದವರಿಗೆ ಕಾಫಿ ಮಾಡಲು ಒಳಗೆ ಹೋದೆ. ಆ ಸಿಟ್ಟು ಮಾರನೆಯ ದಿನ ಮಣ್ಣು ಮಾಡುವಾಗಲೂ ಎದೆಯಲ್ಲಿ ಕೂತಿತ್ತು.

ಚರ್ಚಿನಲ್ಲಿ ಫಾದರ್ ಚೆನ್ನಾಗಿಯೇ ಮಾತಾಡಿದರು. ಬಿತ್ತಿದ ಬೀಜ ಮಣ್ಣಿನಲ್ಲಿ ಕರಗದೆ ಪೈರು ಬರುವುದಿಲ್ಲ, ಸಾವೂ ಹಾಗೆ ಅಂದರು. ಗೂಡಿನಿಂದ ಚಿಟ್ಟೆ ಹೊರಬರುತ್ತದಲ್ಲ, ಹಾಗೆ ಅಂದರು. ಹಿಂದೊಂದು ಈಸ್ಟರಿನ ಉಪದೇಶದಲ್ಲೂ ಈ ಚಿಟ್ಟೆ ಬಂದಿತ್ತು. ಆವತ್ತು ಮನೆಗೆ ನಡೆಯುವಾಗ ಅತ್ತೆ, “ಚಿಟ್ಟೆ ತೂತು ಮಾಡ್ಕೊಂಡು ಬಂದ್ರೆ ನೂಲು ಕೆಟ್ಟೋಯ್ತದೆ ಕಣವ್ವ. ನಮ್ ಮೇಸ್ತ್ರಿ ಕೂಗಾಡ್ಬುಡ್ತಿದ್ದ” ಎಂದು ನಕ್ಕಿದ್ದರು. ಆಮೇಲೆ ಸ್ವಲ್ಪ ದೂರ ನಡೆದು, “ಎಷ್ಟು ಹುಳ ಬೇಯ್ಸಿದೀನೋ ಈ ಕೈಯಲ್ಲಿ. ಅವ್ಕೂ ದೇವ್ರು ಒಂದು ದಾರಿ ಮಾಡಿರ್ತಾನೆ ಬುಡು” ಅಂದಿದ್ದರು. ಆಗ ನನಗೆ ಅದೊಂದು ತಮಾಷೆಯ ಮಾತಿನಂತೆ ಕೇಳಿತ್ತು.

ನಮ್ಮ ಸಮಾಧಿ ತೋಟದಲ್ಲಿ ಜಾಗ ಕಡಿಮೆ. ಒಂದೇ ಮನೆಯವರಿಗೆ, ಕೆಲವು ವರ್ಷ ಕಳೆದಿದ್ದರೆ, ಅದೇ ಗುಂಡಿ ತೆಗೆಯುತ್ತಾರೆ. ಹಿಂದಿನವರ ಮೂಳೆಗಳನ್ನು ಆರಿಸಿ ಬಿಳಿ ಬಟ್ಟೆಯಲ್ಲಿ ಕಟ್ಟಿ, ಹೊಸಬರ ಕಾಲ ಬಳಿ ಇಡುತ್ತಾರೆ. ಮಾವನವರನ್ನು ನಾನು ನೋಡಿರಲಿಲ್ಲ, ಮದುವೆಗೆ ಮೊದಲೇ ಹೋಗಿದ್ದರು. ಆವತ್ತು ನೋಡಿದೆ. ಸಂತೆಯಿಂದ ತಂದ ಒಂದು ಗಂಟಿನಷ್ಟಿದ್ದರು. ಮನೆಯವರು ಆ ಗಂಟನ್ನು ಎರಡೂ ಕೈಯಲ್ಲಿ ಇಳಿಸಿಕೊಟ್ಟು, “ಅವ್ವ ಬಂದವ್ಳೆ ಕಣಪ್ಪ” ಎಂದು ಮೆಲ್ಲಗೆ ಅಂದರು. ನಾಲ್ಕು ವರ್ಷದಲ್ಲಿ ಅವರ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ವಿಶ್ವಾಸಪ್ರಮಾಣ, ನನ್ನ ಬಾಯಿ ಮುಚ್ಚಿದ್ದು, ಎಲ್ಲರೂ ಮೂರು ಹಿಡಿ ಮಣ್ಣು ಹಾಕಿದ್ದು. ನಾನೂ ಹಾಕಿದೆ. ಮಲಗಿ ಅತ್ತೆ, ಇನ್ನು ಏಳಬೇಡಿ, ಇಬ್ಬರಿಗೂ ಸಾಕಾಗಿದೆ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ.

ತೀರಿಕೊಂಡ ಮೂರನೆಯ ದಿನ ಸಮಾಧಿಗೆ ಹೋಗುವುದು ನಮ್ಮಲ್ಲಿ ರೂಢಿ. ಅಕ್ಕಪಕ್ಕದ ಒಕ್ಕಲು ಮನೆಗಳವರು ಅವತ್ತು ಹಾಲು ತುಪ್ಪ ಬಿಡುತ್ತಾರೆ. ನಾವು ಕ್ರಿಸ್ತ ಎದ್ದ ದಿನವೆಂದು ಹೂವು ಹಾಕಿ, ಮೇಣದಬತ್ತಿ ಹಚ್ಚಿ ಜಪಸರ ಹೇಳುತ್ತೇವೆ. ಮನೆಯವರು, ನಾನು, ಎದುರು ಮನೆಯ ದೊಡ್ಡವ್ವ, ಮೂರೇ ಜನ ಹೋದೆವು. ದೊಡ್ಡವ್ವ ಸೆರಗಿನ ಮರೆಯಿಂದ ಒಂದು ಸಣ್ಣ ಲೋಟ ಹಾಲು ತೆಗೆದು ತಲೆಯ ಕಡೆ ಸುರಿದರು. “ಇದು ನಮ್ಮ ಪದ್ಧತಿ ಅಲ್ವಲ್ಲ ದೊಡ್ಡವ್ವ” ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

“ಇರ್ಲಿ ಬುಡವ್ವ. ಮೂರ್ನೇ ದಿನ ಎಲ್ರುಗೂ ಮೂರ್ನೇ ದಿನವೇ. ಬಾಯಾರಿ ಎದ್ರೆ ಒಂದ್ ಗುಟುಕು ಇರ್ಲಿ.”

ಏಳುವ ಮಾತು ಬಂದದ್ದೇ ತಡ, ಎರಡು ದಿನದಿಂದ ಹಿಡಿದಿಟ್ಟದ್ದು ಹೊರಗೆ ಬಂತು. “ಬೆರಳು ಮುರಿದು ಕಳಿಸಿದ್ದೀರಲ್ಲ, ಎದ್ದು ಏನು ಮಾಡ್ತಾರೆ? ಒಂದು ಜಪಸರಕ್ಕೋಸ್ಕರ. ಮಣಿಕಟ್ಟಿಗೆ ಕಟ್ಟಿದ್ರೆ ಆಗ್ತಿರ್ಲಿಲ್ವಾ?”

ದೊಡ್ಡವ್ವ ನನ್ನ ಮುಖವನ್ನೇ ನೋಡಿದರು. ಮನೆಯವರು ಹೂವು ಜೋಡಿಸುತ್ತಿದ್ದವರು ಕೈ ನಿಲ್ಲಿಸಿದರು.

“ಯಾರವ್ವ ಮುರ್ದೋರು? ನಾವ್ಯಾರೂ ಬಿಡಿಸ್ನೇ ಇಲ್ಲ” ಅಂದರು ದೊಡ್ಡವ್ವ. “ನೀರು ಉಯ್ಯೋಕೆ ಅಂತ ಕೈ ಎತ್ತುದ್ರೆ ತಾನಾಗೇ ಬಿಚ್ಕೊಂಬುಡ್ತು. ಜೀವ ಓದ್ಮೇಲೆ ಬಿಗಿ ಎಲ್ಲೈತೆ? ಹೂವಿನಂಗೆ ಮೆತ್ತಗಿತ್ತು. ನಾಲ್ಕು ವರ್ಷ ಮುಚ್ಕೊಂಡಿದ್ದ ಕೈ, ಒಳಗೆ ಹುಣ್ಣಾಗಿರ್ತದೆ, ಕೊಳ್ತಿರ್ತದೆ ಅಂದ್ಕೊಂಡಿದ್ದೆ ನಾನು. ಒಂದು ಗಾಯ ಇರ್ನಿಲ್ಲ ಕಣವ್ವ. ಅಷ್ಟು ಚೊಕ್ಕಟವಾಗಿತ್ತು ಅಂಗೈ. ತೊಟ್ಟಿ ಮುಂದೆ ಕೂತಿದ್ದಾಗ್ಲೂ ಅವಳ ಕೈ ಅಷ್ಟು ಚೆನ್ನಾಗಿರ್ನಿಲ್ಲ. ಇದು ಸೊಸೆ ತೊಳ್ದ ಕೈ ಅಂತ ನಾವು ಮೂರು ಜನವೂ ಅಂದ್ಕೊಂಡೊ.”

ನಾನು ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟೆ. ಅಳು ಬಂತು. ಎರಡು ದಿನ ತಡವಾಗಿ, ಸರಿಯಾಗಿ ಬಂತು. ಮನೆಯವರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ನಾನು ಪ್ರತಿದಿನ ಗುದ್ದಾಡಿದ್ದ ಕೈ, ನಾನು ಒಳಗೆ ಮಲಗಿದ್ದಾಗ, ಯಾರೂ ಎಳೆಯದೆ ತಾನಾಗಿ ಬಿಚ್ಚಿಕೊಂಡಿತ್ತು. ನೋಡಬೇಕಾಗಿದ್ದವಳು ನಾನು. ನೋಡಲಿಲ್ಲ. ಅದಕ್ಕೆ ಸಂಕಟವಾಯಿತು. ಆದರೆ ನಾನು ಮತ್ತೆ ಏಳುವುದು ಬೇಡ ಅಂದುಕೊಂಡದ್ದು ಆ ಮುಚ್ಚಿದ ಕೈಯನ್ನು, ಆ ಹುಣ್ಣಿನ ಬೆನ್ನನ್ನು, ಮಾತಿಲ್ಲದ ಆ ಬಾಯಿಯನ್ನು. ಅದನ್ನು ಸಾವು ಆಗಲೇ ತೆಗೆದುಕೊಂಡು ಹೋಗಿತ್ತು. ಮಣ್ಣಿಗೆ ನಾವು ಕೊಟ್ಟದ್ದು ಬಿಚ್ಚಿದ ಕೈಯ ಹೆಂಗಸನ್ನು.

ದೊಡ್ಡವ್ವ ಗಾಳಿಗೆ ಆರಿದ ಮೇಣದಬತ್ತಿಯನ್ನು ಮತ್ತೆ ಹಚ್ಚಿ, ಜಪಸರ ತೆಗೆದರು. ಜಪಸರ ಶುರುವಾಗುವುದೇ ವಿಶ್ವಾಸಪ್ರಮಾಣದಿಂದ. ಅವರು ಹೇಳಿಕೊಟ್ಟಂತೆ ನಾವಿಬ್ಬರೂ ಹೇಳಿದೆವು. ಶರೀರ ಏಳುವ ಮಾತು ಹತ್ತಿರ ಬಂತು. ಮೂಗು ಒರೆಸಿಕೊಂಡೆ. ಹೇಳಿದೆ.

ಏಳಲಿ. ಏಳುವುದಾದರೆ ಆ ಕೈಯಲ್ಲೇ ಏಳಲಿ. ಎದ್ದು ಬೈಯಲಿ. ಒಲೆ ಹಚ್ಚಿ ಕಾಫಿ ಅವರೇ ಮಾಡಲಿ, ನನಗೂ ಒಂದು ಲೋಟ ಕೊಡಲಿ. ನಾನು ಕಾಲು ನೀಡಿಕೊಂಡು ಕೂತು ಕುಡಿಯುತ್ತೇನೆ.